ತುಕ್ಕು ಹಿಡಿದ ಹಳೆಯ ಕಾರಿನ ಪೆಟ್ರೋಲ್ ಫಿಲ್ಟರನ್ನು ಮನೆಯಂಗಳದಲ್ಲೇ ಬದಲಿಸುವ ಬಗೆ

ಮಳೆಗಾಲ ಹಿಂದೆಗೆದು ಅಂಗಳಕ್ಕೆ ಹೊಸ ಅಡಕೆ ಬಂದು ಬೀಳುವ ಹೊತ್ತಿಗೆ ನಮ್ಮ ಕಾಸರಗೋಡು ಸೀಮೆಯ ಹಳೆಯ ಕಾರುಗಳಿಗೆ ಒಂದು ಕಾಯಿಲೆ ಬರುವುದುಂಟು. ಸಮನೆಲದಲ್ಲಿ ಸುಖವಾಗಿ ಓಡಿದ ಗಾಡಿ ಚಡಾವು ಸಿಕ್ಕಿದೊಡನೆ ಬಿಕ್ಕಳಿಸತೊಡಗುತ್ತದೆ. ಎಷ್ಟು ಒತ್ತಿದರೂ ಬಲ ಬಾರದು. ನಡು ಚಡಾವಿನಲ್ಲಿ ನಿಂತೇಬಿಡುತ್ತದೆ. ಹಿಂದೆ ಎರಡು ಗೋಣಿ ಅಡಕೆ, ಮುಂದೆ ಪೇಟೆಗೆ ಹೊರಟ ಮನೆಯವರು. ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮುಂದಿನ ಚಡಾವಿನಲ್ಲಿ ಮತ್ತೆ ಅದೇ ಪಾಡು.

ಹೀಗಾದಾಗ ಮೊದಲು ಸಂಶಯಪಡಬೇಕಾದುದು ಪೆಟ್ರೋಲ್ ಫಿಲ್ಟರನ್ನು. ಅದರೊಳಗೆ ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಾಗದವಿದೆ. ಟಾಂಕಿಯಿಂದ ಬರುವ ಕಸವನ್ನು ಆ ಕಾಗದ ಹಿಡಿದಿಟ್ಟುಕೊಂಡು ಪೆಟ್ರೋಲನ್ನು ಮಾತ್ರ ಮುಂದೆ ಬಿಡುತ್ತದೆ. ಕಾಗದ ಕಟ್ಟಿಹೋದರೂ ಸಮನೆಲದ ಓಟಕ್ಕೆ ಬೇಕಾದಷ್ಟು ಪೆಟ್ರೋಲು ಹೇಗೋ ಸಾಗುತ್ತದೆ. ಚಡಾವಿನಲ್ಲಿ ಇಂಜಿನು ಹೆಚ್ಚು ಕೇಳಿದಾಗ ಕೊಡಲಾಗುವುದಿಲ್ಲ. ಆದರೆ ಫಿಲ್ಟರನ್ನು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿರಿ. ಗಾಡಿ ನಿಂತ ಕೂಡಲೇ ಟಾಂಕಿಯ ಮುಚ್ಚಳವನ್ನು ಸಡಿಲಿಸಿ ನೋಡಿರಿ. ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ತಪ್ಪು ಫಿಲ್ಟರಿನದಲ್ಲ, ಟಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ ಎಂದೇ ತಿಳಿಯಬೇಕು.

ಹೊಸ ಕಾರಿನಲ್ಲಿ ಈ ಕೆಲಸ ಅರ್ಧ ಗಂಟೆಯದು. ತುಕ್ಕು ಹಿಡಿದ ಕಾರಿನಲ್ಲಿ ಕಷ್ಟವಿರುವುದು ಫಿಲ್ಟರಿನಲ್ಲಲ್ಲ, ಅದರ ಎರಡೂ ಬದಿಯ ಪೈಪುಗಳಲ್ಲಿ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಅದರ ಜತೆಗೆ ಕಡಲಿನ ಉಪ್ಪುಗಾಳಿ. ಇಷ್ಟು ಸಾಲದೆಂಬಂತೆ ನಾವು ಕೃಷಿಕರು ಇನ್ನೆರಡು ವಿಷವನ್ನು ಕಾರಿನೊಳಗೆ ತುಂಬಿಸುತ್ತೇವೆ. ಒಂದು, ತೆಂಗಿಗೆ ಹಾಕುವ ಪೊಟ್ಯಾಷಿನ ಚೀಲ. ಅದೂ ಉಪ್ಪಿನ ಜಾತಿಯದೇ. ಚೀಲದಿಂದ ಉದುರಿದ ಪುಡಿ ಹಾಸಿನ ಕೆಳಗೆ ಸೇರಿ, ತೇವ ಹೀರಿ, ತಗಡನ್ನು ತಿನ್ನುತ್ತದೆ. ಇನ್ನೊಂದು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತರುವ ಮೈಲುತುತ್ತು. ಮೈಲುತುತ್ತಿನ ನೀರು ಬಿದ್ದ ಕಬ್ಬಿಣದ ಮೇಲೆ ತಾಮ್ರದ ಬಣ್ಣ ಏರುವುದನ್ನು ನೀವೇ ಕಂಡಿದ್ದೀರಿ. ಹಾಗೆ ತಾಮ್ರ ಅಂಟಿದ ಕಡೆ ಕಬ್ಬಿಣ ಇನ್ನಷ್ಟು ಬೇಗ ಕೊರೆಯುತ್ತದೆ. ಆ ತಗಡಿನ ಅಡಿಯಲ್ಲೇ ಪೆಟ್ರೋಲಿನ ಪೈಪು ಹೋಗುತ್ತದೆಂಬುದು ನಮಗೆ ನೆನಪಿರುವುದಿಲ್ಲ.

ನಿಮ್ಮ ಕಾರು ಯಾವ ಜಾತಿಯದೆಂಬುದನ್ನು ಮೊದಲು ತಿಳಿಯಬೇಕು. 1983ರಲ್ಲಿ ಬಂದ ಮಾರುತಿ 800 ಬಹುಕಾಲ ಕಾರ್ಬುರೇಟರಿನಲ್ಲಿ ಓಡಿತು. 2000ದ ಸುಮಾರಿಗೆ ಅದಕ್ಕೆ ಇಂಜೆಕ್ಷನ್ ಪದ್ಧತಿ ಬಂತು. 2014ರಲ್ಲಿ ಅದರ ತಯಾರಿಕೆಯೇ ನಿಂತಿತು. ಕಾರ್ಬುರೇಟರಿನ ಕಾರಿನಲ್ಲಿ ಪೈಪಿನೊಳಗಿನ ಒತ್ತಡ ತೀರ ಕಡಿಮೆ. ರಬ್ಬರು ಪೈಪು, ಕ್ಲಿಪ್ಪು, ನಡುವೆ ಸಣ್ಣದೊಂದು ಫಿಲ್ಟರು, ಅಷ್ಟೆ. ಇಂಜೆಕ್ಷನ್ ಕಾರಿನಲ್ಲಿ ಒತ್ತಡ ಅದರ ಹತ್ತು ಪಾಲಿನಷ್ಟು, ಮತ್ತು ಇಂಜಿನು ನಿಲ್ಲಿಸಿದ ಮೇಲೂ ಅದು ಪೈಪಿನೊಳಗೆ ಉಳಿದಿರುತ್ತದೆ. ಅದನ್ನು ತಿಳಿಯದೆ ಬಿಚ್ಚಿದರೆ ಪೆಟ್ರೋಲು ಮುಖಕ್ಕೇ ಚಿಮ್ಮುತ್ತದೆ. ಆದ್ದರಿಂದ ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಪಂಪಿನ ಫ್ಯೂಸನ್ನು ಕಿತ್ತು, ಇಂಜಿನು ಚಾಲೂ ಮಾಡಿ, ತಾನಾಗಿ ನಿಲ್ಲುವ ತನಕ ಬಿಡತಕ್ಕದ್ದು. ಮತ್ತೆ ಒಂದೆರಡು ಸಲ ಕೀಲಿ ತಿರುಗಿಸಿ ಉಳಿದ ಒತ್ತಡವನ್ನೂ ಕಳೆಯಬೇಕು. ಫಿಲ್ಟರು ಟಾಂಕಿಯ ಒಳಗೇ ಪಂಪಿನ ಜತೆ ಇರುವ ಕಾರುಗಳೂ ಇವೆ. ಅವುಗಳ ಗೊಡವೆಗೆ ಮನೆಯಲ್ಲಿ ಹೋಗಬೇಡಿರಿ. ಡೀಸೆಲ್ ಜೀಪಿನ ರೀತಿಯೇ ಬೇರೆ. ಅದರಲ್ಲಿ ಪೈಪಿನೊಳಗೆ ಸಿಕ್ಕಿದ ಗಾಳಿಯನ್ನು ತೆಗೆಯುವ ಕೆಲಸವೂ ಇದೆ. ಆ ವಿಷಯ ಇಲ್ಲಿ ಎತ್ತುವುದಿಲ್ಲ.

ಫಿಲ್ಟರು ಎಲ್ಲಿದೆಯೆಂದು ಕೇಳಿದರೆ, ಟಾಂಕಿಯಿಂದ ಇಂಜಿನಿನ ವರೆಗೆ ಪೈಪಿನ ಜಾಡು ಹಿಡಿದು ಹೋಗಿರಿ ಎಂದಷ್ಟೇ ಹೇಳಬಹುದು. ಕೆಲವಕ್ಕೆ ಬಾನೆಟ್ಟಿನೊಳಗೆ, ಕೆಲವಕ್ಕೆ ಹಿಂದೆ ಟಾಂಕಿಯ ಹತ್ತಿರ ಕೆಳಗಡೆ.

ಕೆಳಗಡೆ ಇದ್ದರೆ ಬಹಳ ಜಾಗ್ರತೆ ಬೇಕು. ತುಕ್ಕು ಹಿಡಿದ ಕಾರಿಗೆ ಜಾಕ್ ಕೊಡುವ ಜಾಗವೇ ತುಕ್ಕು ಹಿಡಿದಿರುತ್ತದೆ. ಜಾಕ್ ಏರುತ್ತದೆ, ಕಾರು ಏರುವುದಿಲ್ಲ. ತಗಡು ಕರಕರನೆ ಒಳಗೆ ಕುಸಿಯುತ್ತದೆ. ನಮ್ಮೂರಲ್ಲಿ ಕೈಗೆ ಸುಲಭವಾಗಿ ಸಿಗುವುದು ಮುರಕಲ್ಲು. ಅದನ್ನು ಕಾರಿನಡಿ ಇಟ್ಟು ಒಳಗೆ ನುಸುಳುವವರನ್ನು ಕಂಡಿದ್ದೇನೆ. ಮುರಕಲ್ಲು ಗೋಡೆಗೆ ಒಳ್ಳೆಯದು, ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ಕಬ್ಬಿಣದ ಸ್ಟಾಂಡು ಇಲ್ಲವೇ ಅಗಲವಾದ ಗಟ್ಟಿಮರದ ದಿಮ್ಮಿಗಳನ್ನು ಗಟ್ಟಿ ಉಳಿದಿರುವ ಭಾಗಕ್ಕೆ ಕೊಡಿರಿ. ನೆಲ ಸಮನಾಗಿರಲಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿರಿ. ಬಿಡಿ ಚಕ್ರವನ್ನು ಕಾರಿನಡಿ ಮಲಗಿಸಿಡಿರಿ. ದಿಮ್ಮಿ ಜಾರಿದರೂ ನಿಮ್ಮ ಎದೆಯ ಮೇಲೆ ಬೀಳುವ ಬದಲು ಕಾರು ಚಕ್ರದ ಮೇಲೆ ನಿಲ್ಲುತ್ತದೆ.

ಬೆಂಕಿಯ ವಿಷಯ ಇನ್ನೂ ಮುಖ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದಲ್ಲೇ ಹರಿದು ತಗ್ಗಿನಲ್ಲಿ ತುಂಬುತ್ತದೆ. ಆದ್ದರಿಂದ ಗುಂಡಿಯ ಮೇಲೆ ಗಾಡಿ ನಿಲ್ಲಿಸಿಕೊಂಡಾಗಲಿ, ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಈ ಕೆಲಸ ಬೇಡ. ತೆರೆದ ಅಂಗಳದಲ್ಲಿ ಬೆಳಗ್ಗೆ, ಇಂಜಿನು ತಣ್ಣಗಿರುವಾಗ, ಟಾಂಕಿಯಲ್ಲಿ ಪೆಟ್ರೋಲು ಕಡಿಮೆ ಇರುವ ದಿನ ಮಾಡಿರಿ. ಬೇಟರಿಯ ಮೈನಸ್ ತಂತಿಯನ್ನು ಮೊದಲೇ ಕಳಚಿಡಿರಿ. ಒಂದು ಬಾಲ್ದಿ ಒಣ ಹೊಯಿಗೆ ಹತ್ತಿರವಿರಲಿ, ಬೆಂಕಿ ನಂದಿಸುವ ಪುಡಿಯ ಸಿಲಿಂಡರಿದ್ದರೆ ಇನ್ನೂ ಒಳ್ಳೆಯದು. ಪೆಟ್ರೋಲಿನ ಬೆಂಕಿಗೆ ನೀರು ಹೊಯ್ದರೆ ಬೆಂಕಿ ನೀರಿನೊಂದಿಗೆ ಹರಡುತ್ತದೆ. ಕಣ್ಣಿಗೆ ಕನ್ನಡಕವೂ ಇರಲಿ, ಕೆಳಗೆ ಮಲಗಿದವನ ಕಣ್ಣಿಗೇ ತುಕ್ಕು ಉದುರುವುದು.

ಕಳೆದ ವರ್ಷ ನಾನು ಕಾರಿನಡಿ ಮಲಗಿದ್ದಾಗ ತಂಗಿಯ ಮಗ ಬಗ್ಗಿ ನೋಡಿ, "ಮಾವ, ಅಡಿಯಲ್ಲಿ ಕತ್ತಲೆ ಉಂಟಲ್ಲ, ವಯರಿನ ಬಲ್ಬು ತರ್ಲಾ?" ಎಂದ. ಮೊದಲು ಪ್ಲಗ್ಗಿಂದ ಅದನ್ನು ಕೀಳು ಮಾರಾಯ ಎಂದು ಬೊಬ್ಬೆ ಹೊಡೆದೆ. ಉರಿಯುವ ಗಾಜಿನ ಬಲ್ಬಿನ ಮೇಲೆ ಒಂದು ಹನಿ ಪೆಟ್ರೋಲು ಬಿದ್ದು ಒಡೆದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೇಟರಿಯ ಸಣ್ಣ ಎಲ್‌ಇಡಿ ಟಾರ್ಚು ಸಾಕು.

ಇನ್ನು ಬಿಚ್ಚುವ ಕ್ರಮ. ಅವಸರದವನಿಗೆ ಇದು ಆಗುವ ಕೆಲಸವಲ್ಲ. ಹಿಂದಿನ ದಿನ ಸಂಜೆಯೇ ತಂತಿ ಬ್ರಶ್ಶಿನಿಂದ ಕ್ಲಿಪ್ಪು, ನಟ್ಟುಗಳ ತುಕ್ಕನ್ನು ಉಜ್ಜಿ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಇನ್ನೊಮ್ಮೆ ಹಾಕಬೇಕು. ಬಾರದ ನಟ್ಟನ್ನು ಗರಾಜಿನಲ್ಲಿ ಬೆಂಕಿಯಲ್ಲಿ ಕಾಯಿಸಿ ಬಿಚ್ಚುವುದುಂಟು. ಪೆಟ್ರೋಲಿನ ಪೈಪಿಗೆ ಆ ಉಪಾಯ ಸಾವಿಗೆ ಕರೆ ಕೊಟ್ಟಂತೆ. ಕ್ಲಿಪ್ಪು ತಿರುಗದಿದ್ದರೆ ಇಕ್ಕುಳದಿಂದ ಕತ್ತರಿಸಿ ಎಸೆಯಿರಿ, ಹೊಸ ಕ್ಲಿಪ್ಪು ಹತ್ತು ಇಪ್ಪತ್ತು ರೂಪಾಯಿಯ ಮಾತು. ಹಳೆಯ ರಬ್ಬರು ಪೈಪು ಕಬ್ಬಿಣದ ಪೈಪಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ಹಿಡಿದು ಎಳೆಯುವುದೇ ಹೆಚ್ಚಿನವರು ಮಾಡುವ ತಪ್ಪು. ರಬ್ಬರಿನ ಬದಲು ಕಬ್ಬಿಣದ ಪೈಪೇ ತುಂಡಾಗಿ ಕೈಗೆ ಬರುತ್ತದೆ. ಬ್ಲೇಡಿನಿಂದ ರಬ್ಬರನ್ನು ಉದ್ದಕ್ಕೆ ಸೀಳಿ ಸಿಪ್ಪೆ ಸುಲಿದಂತೆ ತೆಗೆಯಿರಿ. ಹೇಗೂ ಆ ರಬ್ಬರನ್ನು ಮತ್ತೆ ಹಾಕುವಂತಿಲ್ಲ.

ನಟ್ಟಿನಿಂದ ಕೂಡಿಸಿದ ಫಿಲ್ಟರಾದರೆ ಎರಡು ಸ್ಪಾನರು ಬೇಕೇ ಬೇಕು. ಒಂದರಿಂದ ಫಿಲ್ಟರಿನ ಮೂಲೆಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ಪೈಪಿನ ನಟ್ಟನ್ನು ತಿರುಗಿಸುವುದು. ಸಾದಾ ಬಾಯಿಸ್ಪಾನರು ತುಕ್ಕಿನ ನಟ್ಟಿನ ಮೂಲೆಗಳನ್ನು ಸವೆಸಿ ದುಂಡಗೆ ಮಾಡುತ್ತದೆ. ಪೈಪು ನುಸುಳುವಷ್ಟು ಮಾತ್ರ ಬಾಯಿ ತೆರೆದಿರುವ ರಿಂಗು ಸ್ಪಾನರು ಸಿಗುತ್ತದೆ, ಅದನ್ನೇ ಬಳಸಿರಿ. ನಟ್ಟು ತಿರುಗುವಾಗ ಕಣ್ಣು ಪೈಪಿನ ಮೇಲಿರಲಿ. ನಟ್ಟಿನ ಜತೆಗೆ ಪೈಪೂ ತಿರುಚತೊಡಗಿದರೆ ಆ ಕ್ಷಣವೇ ಕೈ ನಿಲ್ಲಿಸಿ, ಎಣ್ಣೆ ಹಾಕಿ, ಊಟ ಮುಗಿಸಿ ಬನ್ನಿರಿ. ಅಡಿಯಿಂದ ಉಗುರಿನಲ್ಲಿ ಕೆರೆದಾಗ ಕಬ್ಬಿಣದ ಪೈಪು ಪದರ ಪದರವಾಗಿ ಎದ್ದು ಬಂತೋ, ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಹೊಸ ಪೈಪು ಹಾಕಿಸುವುದಕ್ಕೆ ತಿಳಿದ ಮೆಕ್ಯಾನಿಕನನ್ನೇ ಕರೆಯಬೇಕು.

ಬಿಚ್ಚಿದೊಡನೆ ಪೆಟ್ರೋಲು ಸುರಿಯುತ್ತದೆ. ಟಾಂಕಿ ಫಿಲ್ಟರಿಗಿಂತ ಎತ್ತರದಲ್ಲಿದ್ದರೆ ನಿಲ್ಲುವುದೇ ಇಲ್ಲ. ಪೈಪಿನ ಬಾಯಿಗೆ ಸರಿಯಾಗುವ ಬೋಲ್ಟನ್ನೋ ಬೆಣೆಯನ್ನೋ ಮೊದಲೇ ಕಿಸೆಯಲ್ಲಿಟ್ಟುಕೊಳ್ಳಿರಿ. ಸುರಿದದ್ದನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಿಡಿಯಿರಿ. ಬಾಯಿಯಿಂದ ಪೆಟ್ರೋಲು ಎಳೆಯುವ ಹಳೆಯ ಅಭ್ಯಾಸವನ್ನು ಬಿಟ್ಟುಬಿಡಿರಿ; ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಹೊಸ ಫಿಲ್ಟರಿನ ಮೇಲೆ ಬಾಣದ ಗುರುತಿದೆ, ಬಾಣ ಇಂಜಿನಿನ ಕಡೆಗೆ. ಮೊದಲಿದ್ದುದು ಲೋಹದ್ದಾದರೆ ಲೋಹದ್ದನ್ನೇ ಹಾಕಬೇಕು, ಅಗ್ಗವೆಂದು ಪ್ಲಾಸ್ಟಿಕ್ ತಂದು ಬಿಸಿ ಸೈಲೆನ್ಸರಿನ ಹತ್ತಿರ ಕಟ್ಟಬಾರದು. ರಬ್ಬರು ಪೈಪಿನ ವಿಷಯದಲ್ಲಿ ನಾನೇ ಪಾಠ ಕಲಿತವನು. ಒಂದು ಅಂಗಡಿಯಲ್ಲಿ "ಪೆಟ್ರೋಲಿಗೆ ಇದೇ ಆಗುತ್ತದೆ" ಎಂದು ಕೊಟ್ಟ ಬಿಳಿ ಪಾರದರ್ಶಕ ಪೈಪನ್ನು ನಂಬಿ ಹಾಕಿದೆ. ಮೂರು ತಿಂಗಳಲ್ಲಿ ಅದು ಹಳದಿಯಾಗಿ, ಒಣ ಸೋಗೆಯ ಹಾಗೆ ಗಟ್ಟಿಯಾಗಿ, ಕ್ಲಿಪ್ಪಿನ ಬುಡದಲ್ಲಿ ಸೀಳಿತು. ಬಿಸಿ ಇಂಜಿನಿನ ಮೇಲೆ ಹನಿ ಹನಿ ಬೀಳುತ್ತಿದ್ದುದನ್ನು ವಾಸನೆಯಿಂದ ಕಂಡುಹಿಡಿದದ್ದು ನನ್ನ ಹೆಂಡತಿ. ನಾನು ಇನ್ನೂ ಇಪ್ಪತ್ತು ಮೈಲು ಓಡಿಸಲು ಹೊರಟಿದ್ದೆ. ಪೈಪಿನ ಮೈಮೇಲೆ ಎಸ್.ಎ.ಇ. ಜೆ 30 ಎಂಬ ಮುದ್ರೆ ನೋಡಿ ಕೊಳ್ಳಿರಿ. ಕಾರ್ಬುರೇಟರಿಗೆ ಅದರಲ್ಲಿ ಆರ್ 7 ಸಾಕು, ಇಂಜೆಕ್ಷನಿಗೆ ಆರ್ 9 ಬೇಕು.

ಎಲ್ಲ ಬಿಗಿದ ಮೇಲೆ, ಚೆಲ್ಲಿದ ಪೆಟ್ರೋಲು ಪೂರ್ತಿ ಆರಿಹೋದ ಮೇಲೆ ಬೇಟರಿಯ ತಂತಿಯನ್ನೂ ಇಂಜೆಕ್ಷನ್ ಕಾರಾದರೆ ಫ್ಯೂಸನ್ನೂ ಕೂಡಿಸಿರಿ. ಇಂಜೆಕ್ಷನ್ ಕಾರಾದರೆ ಕೀಲಿಯನ್ನು ಎರಡು ಸೆಕೆಂಡು ತಿರುಗಿಸಿ ತೆಗೆಯುವುದನ್ನು ಮೂರು ನಾಲ್ಕು ಸಲ ಮಾಡಿದರೆ ಪೈಪು ತುಂಬುತ್ತದೆ. ಕಾರ್ಬುರೇಟರಿನದಾದರೆ ಸ್ವಲ್ಪ ಸ್ವಲ್ಪವೇ ಸ್ಟಾರ್ಟರು ತಿರುಗಿಸುತ್ತಾ ನಡುನಡುವೆ ವಿರಾಮ ಕೊಡಿರಿ. ಇಂಜಿನು ಓಡುತ್ತಿರುವಾಗ ಪ್ರತಿ ಸಂದಿನ ಕೆಳಗೂ ಒಣ ಕಾಗದ ಒತ್ತಿ ನೋಡಿರಿ, ಮರುದಿನ ಇನ್ನೊಮ್ಮೆ ನೋಡಿರಿ.

ತೆಗೆದ ಹಳೆಯ ಫಿಲ್ಟರನ್ನು ಕೂಡಲೇ ಗುಜರಿಗೆ ಹಾಕಬೇಡಿರಿ. ಪೆಟ್ರೋಲು ಒಳಬರುತ್ತಿದ್ದ ಬದಿಯಿಂದ ಅದನ್ನು ಬಿಳಿ ಪಿಂಗಾಣಿಯ ಮೇಲೆ ಬಗ್ಗಿಸಿ ಕುಟ್ಟಿರಿ. ಕರಿಯ ಚೂರು ಬಿದ್ದರೆ ರಬ್ಬರು ಪೈಪು ಒಳಗಿನಿಂದ ಪುಡಿಯಾಗುತ್ತಿದೆ. ಪೆಟ್ರೋಲಿನ ಅಡಿಯಲ್ಲಿ ಗುಂಡು ಗುಂಡಾಗಿ ಹೊರಳುವುದು ನೀರು. ಕೆಂಪು ಕೆಸರು ಬಿದ್ದರೆ ಟಾಂಕಿಯೇ ಒಳಗಿನಿಂದ ತುಕ್ಕು ಹಿಡಿದಿದೆ. ಆಗ ತಿಂಗಳಿಗೊಂದು ಫಿಲ್ಟರು ಹಾಕಿದರೂ ಪ್ರಯೋಜನವಿಲ್ಲ, ಟಾಂಕಿಯನ್ನು ಇಳಿಸಿ ತೊಳೆಸಬೇಕು ಇಲ್ಲವೇ ಬದಲಿಸಬೇಕು. ತೂತು ಬಿದ್ದ ಟಾಂಕಿಗೆ ಬೆಸುಗೆ ಹಾಕಿಸಲು ಹತ್ತಿರದ ವೆಲ್ಡಿಂಗಿನವನಲ್ಲಿಗೆ ಒಯ್ಯಬೇಡಿರಿ. ತುಂಬಿದ ಟಾಂಕಿಗಿಂತ ಬರಿದಾದ ಟಾಂಕಿಯೇ ಹೆಚ್ಚು ಅಪಾಯದ್ದು. ಅದರೊಳಗೆ ಉಳಿದಿರುವುದು ಆವಿ, ಸಿಡಿಯುವುದೂ ಆವಿಯೇ.

ಹಳೆಯ ಕಾರಿನವರಿಗೆ ಈಗ ಇನ್ನೊಂದು ತೊಡಕು ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20ಕ್ಕೆ ಏರಿತು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆಯ ಓದುಗರಿಗೆ ಇದು ದೂರದ ಮಾತಲ್ಲ. ಕಬ್ಬಿನಿಂದಲೂ ಮೆಕ್ಕೆಜೋಳದಿಂದಲೂ ತೆಗೆಯುವ ಸಾರವೇ ಅದು. ಬೆಳೆದವನಿಗೆ ಬೆಲೆ ಸಿಕ್ಕಿದರೆ ನಮಗೂ ಸಂತೋಷವೇ. ಆದರೆ ಎಥನಾಲಿಗೆ ನೀರು ಹೀರುವ ಗುಣವಿದೆ. ನೀರು ಮಿತಿಮೀರಿದಾಗ ಎಥನಾಲೂ ನೀರೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟಾಂಕಿಯ ತಳಕ್ಕಿಳಿಯುತ್ತವೆ. ತುಕ್ಕು ಹುಟ್ಟುವುದೂ ತಳದಲ್ಲಿ, ಇಂಜಿನಿಗೆ ಪೆಟ್ರೋಲು ಎಳೆಯುವ ಪೈಪು ಇರುವುದೂ ತಳದಲ್ಲಿ. ಹಳೆಯ ಕಾಲದ ರಬ್ಬರಿಗೂ ಅದು ಹಿಡಿಸುವುದಿಲ್ಲ. ಮಳೆಗಾಲವಿಡೀ ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ತುಲಾ ತಿಂಗಳಿನಲ್ಲಿ ಹೊರಗೆ ತೆಗೆಯುವ ನಮ್ಮ ಪದ್ಧತಿಯನ್ನು ಇನ್ನು ಬಿಡಬೇಕಾದೀತು. ಆಟಿಯ ಮಳೆಯಲ್ಲೂ ವಾರಕ್ಕೊಮ್ಮೆ ಓಡಿಸಿರಿ, ಟಾಂಕಿಯ ಮುಚ್ಚಳದ ರಬ್ಬರು ಬಿರಿದಿದ್ದರೆ ಬದಲಿಸಿರಿ, ಪೊಟ್ಯಾಷು ತಂದ ದಿನ ಹಾಸನ್ನು ಎತ್ತಿ ಗುಡಿಸಿ ಒದ್ದೆ ಬಟ್ಟೆಯಿಂದ ಒರಸಿರಿ.

ಡಬ್ಬಿಯಲ್ಲಿ ಹಿಡಿದ ಕೆಸರು ಪೆಟ್ರೋಲನ್ನು ತೋಡಿಗಾಗಲಿ ಅಡಕೆಯ ಬುಡಕ್ಕಾಗಲಿ ಚೆಲ್ಲಬಾರದು. ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಬಾವಿಗಿಳಿಯಲು ಹೆಚ್ಚು ದಿನ ಬೇಡ. ಗರಾಜಿಗೆ ಕೊಟ್ಟುಬಿಡಿರಿ. ಕೈ ಒರಸಿದ ಬೈರಾಸನ್ನು ಹೊರಗಿನ ಬಳ್ಳಿಯಲ್ಲಿ ಬಿಸಿಲಿಗೆ ಹರವಿರಿ, ಮತ್ತು ಸಂಜೆ ಬಚ್ಚಲೊಲೆಗೆ ಬೆಂಕಿ ಹಾಕುವವರಿಗೆ ಅದರ ವಿಷಯ ಮೊದಲೇ ಹೇಳಿಡಿರಿ.