ಪೆನಾಲ್ಟಿ ಕಿಕ್: ಚಾಲಾಕಿತನ ಎಲ್ಲಿಯವರೆಗೆ?

ಪೆನಾಲ್ಟಿ ಚುಕ್ಕೆಯಿಂದ ಗೋಲು ಗೆರೆಗೆ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದ ಚೆಂಡು ಈ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲನ್ನು ಕಾಯುವ ಕೀಪರ್, ಚೆಂಡು ಹೊರಟ ಮೇಲೆ ದಿಕ್ಕು ನೋಡಿ ಹಾರಲು ಹೋದರೆ ಹೊತ್ತು ಮೀರಿರುತ್ತದೆ. ಹಾಗಾಗಿ ಎದುರಾಳಿಯ ಹೆಜ್ಜೆ, ಸೊಂಟ, ನೆಲಕ್ಕೂರುವ ಪಾದ ಇವುಗಳನ್ನು ನೋಡಿ ಮೊದಲೇ ಎಡವೋ ಬಲವೋ ಎಂದು ಅಂದಾಜು ಮಾಡುತ್ತಾನೆ. ಇದು ಒದೆಯುವವನಿಗೂ ಗೊತ್ತು. ಆತ ಬೇಕೆಂದೇ ಸುಳ್ಳು ಸುಳಿವು ಕೊಡುತ್ತಾನೆ. ಫುಟ್‌ಬಾಲ್ ನಿಯಮಗಳು ಈ ಸುಳ್ಳನ್ನು ಒಂದು ಹಂತದವರೆಗೆ ಒಪ್ಪುತ್ತವೆ.

ಆ ಹಂತ ಯಾವುದೆಂದು ಹೇಳುವುದು 14ನೆಯ ನಿಯಮ. ಚೆಂಡಿನತ್ತ ಓಡಿ ಬರುವಾಗ ನಿಧಾನಿಸಬಹುದು, ಕುಪ್ಪಳಿಸಬಹುದು, ಕ್ಷಣಕಾಲ ನಿಂತು ಮುಂದುವರಿಯಲೂಬಹುದು. ಓಟ ಮುಗಿದು ಚೆಂಡಿನ ಬಳಿ ತಲುಪಿದ ಮೇಲೆ ಒದ್ದಂತೆ ನಟಿಸಿ, ಕೀಪರ್ ಹಾರಿದ್ದನ್ನು ನೋಡಿಕೊಂಡು ಒದೆಯುವಂತಿಲ್ಲ. ಹಾಗೆ ಮಾಡಿದವನಿಗೆ ಹಳದಿ ಕಾರ್ಡ್, ಎದುರಾಳಿ ತಂಡಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್. ಚೆಂಡು ಬಲೆ ಸೇರಿದ್ದರೂ ಗೋಲು ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಒದೆಯುವ ಅವಕಾಶವೂ ಇಲ್ಲ.

ಈ ಗೆರೆ ಎಳೆಯಲು ಕಾರಣವಾದದ್ದು ಬ್ರೆಜಿಲ್‌ನ 'ಪರಾಡಿನ್ಯಾ'. ಪೋರ್ಚುಗೀಸ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ನಿಲುಗಡೆ. ಪೆಲೆ ಕಾಲದಿಂದಲೂ ಅಲ್ಲಿ ಇದು ಹೆಸರಾಗಿತ್ತು; ಸ್ಯಾಂಟೋಸ್ ಕ್ಲಬ್‌ನ ಯುವ ಆಟಗಾರ ನೇಮಾರ್ 2010ರಲ್ಲಿ ಇದನ್ನೇ ಪ್ರಯೋಗಿಸಿ ಸುದ್ದಿಯಾದರು. ಅದೇ ವರ್ಷದ ಮೇ ತಿಂಗಳಲ್ಲಿ, ದಕ್ಷಿಣ ಆಫ್ರಿಕಾದ ವಿಶ್ವಕಪ್‌ಗೆ ಕೆಲವೇ ವಾರ ಮೊದಲು, ನಿಯಮ ರೂಪಿಸುವ ಅಂತಾರಾಷ್ಟ್ರೀಯ ಮಂಡಳಿ ಐಎಫ್‌ಎಬಿ ಓಟ ಮುಗಿದ ನಂತರದ ನಟನೆಯನ್ನು ನಿಷೇಧಿಸಿತು.

ನಿಷೇಧದ ಹಿಂದೆ ನ್ಯಾಯದ ಲೆಕ್ಕಾಚಾರವಿದೆ. ಒದೆಯುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದದ ಭಾಗವಾದರೂ ಗೋಲು ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಅದರ ಹಿಂದೆ ಇರಲೇಬೇಕು. ಮುನ್ನುಗ್ಗಿ ಕೋನ ಮುಚ್ಚುವಂತಿಲ್ಲ. ಕೈಕಾಲು ಕಟ್ಟಿಸಿಕೊಂಡಂತೆ ನಿಂತವನು ಒಮ್ಮೆ ಹಾರಿ ನೆಲಕ್ಕೆ ಬಿದ್ದರೆ ಮುಗಿಯಿತು, ಮತ್ತೆ ಏಳಲು ಸಮಯವಿಲ್ಲ. ಎದುರಿನವನಿಗೆ ಮಾತ್ರ ಎರಡನೆಯ ನಿರ್ಧಾರಕ್ಕೆ ಅವಕಾಶ ಕೊಟ್ಟರೆ ಅದು ಸ್ಪರ್ಧೆಯಾಗಿ ಉಳಿಯುವುದಿಲ್ಲ.

ಆಂಟೋನಿನ್ ಪನೆಂಕಾ ಮಾಡಿದ್ದು ಬೇರೆ. 1976ರ ಜೂನ್ 20ರಂದು ಬೆಲ್‌ಗ್ರೇಡ್‌ನಲ್ಲಿ ನಡೆದ ಯೂರೋಪಿಯನ್ ಚಾಂಪಿಯನ್‌ಷಿಪ್ ಫೈನಲ್ 2–2ರಲ್ಲಿ ನಿಂತು ಶೂಟೌಟ್‌ಗೆ ಹೋಯಿತು. ಜೆಕೊಸ್ಲೊವಾಕಿಯಾದ ಕೊನೆಯ ಕಿಕ್‌ಗೆ ಪನೆಂಕಾ ರಭಸದಿಂದ ಓಡಿ ಬಂದರು. ಪಶ್ಚಿಮ ಜರ್ಮನಿಯ ಕೀಪರ್ ಸೆಪ್ ಮಾಯರ್ ತಮ್ಮ ಎಡಕ್ಕೆ ಹಾರಿದರು. ಪನೆಂಕಾ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನ ನಡುವಿಗೆ ಇಳಿಸಿದರು. ಅವರು ಎಲ್ಲಿಯೂ ಒದ್ದಂತೆ ನಟಿಸಲಿಲ್ಲ. ಒಂದೇ ಓಟ, ಒಂದೇ ಒದೆತ. ಮಾಯರ್ ಮೋಸಹೋದದ್ದು ತಮ್ಮದೇ ಊಹೆಯಿಂದ. ಆ ತಂತ್ರ ಇಂದಿಗೂ ಪೂರ್ತಿ ನಿಯಮಬದ್ಧ.

ಪೆನಾಲ್ಟಿಯನ್ನು ನೇರ ಗೋಲಿಗೇ ಒದೆಯಬೇಕೆಂದೂ ಇಲ್ಲ. 1982ರ ಡಿಸೆಂಬರ್‌ನಲ್ಲಿ ಹೆಲ್ಮಂಡ್ ಸ್ಪೋರ್ಟ್ ವಿರುದ್ಧ ಆಡುತ್ತಿದ್ದ ಅಯಾಕ್ಸ್‌ನ ಯೋಹಾನ್ ಕ್ರೈಫ್ ಚೆಂಡನ್ನು ಪಕ್ಕಕ್ಕೆ ತಳ್ಳಿದರು. ಓಡಿ ಬಂದ ಯೆಸ್ಪರ್ ಓಲ್ಸೆನ್ ಅದನ್ನು ಅವರಿಗೇ ಮರಳಿಸಿದರು. ಕ್ರೈಫ್ ಖಾಲಿ ಗೋಲಿಗೆ ತಟ್ಟಿದರು. 2016ರ ಫೆಬ್ರುವರಿಯಲ್ಲಿ ಸೆಲ್ಟಾ ವಿಗೊ ವಿರುದ್ಧ ಲಿಯೊನೆಲ್ ಮೆಸ್ಸಿ ಹೀಗೇ ತಳ್ಳಿಕೊಟ್ಟ ಚೆಂಡನ್ನು ಲೂಯಿಸ್ ಸುವಾರೆಜ್ ಗೋಲಾಗಿಸಿದರು. ಷರತ್ತುಗಳು ಮೂರು: ಮೊದಲ ಸ್ಪರ್ಶಕ್ಕೆ ಚೆಂಡು ಮುಂದಕ್ಕೇ ಚಲಿಸಬೇಕು, ಅಲ್ಲಿಯವರೆಗೆ ಜೊತೆಗಾರ ಪೆನಾಲ್ಟಿ ಪ್ರದೇಶದ ಹೊರಗೆ ಚೆಂಡಿಗಿಂತ ಹಿಂದಿರಬೇಕು, ಇನ್ನೊಬ್ಬರು ಮುಟ್ಟುವ ಮೊದಲು ಒದ್ದವನು ಮತ್ತೆ ಮುಟ್ಟಬಾರದು.

ಮೂರನೆಯ ಷರತ್ತಿನಲ್ಲಿ ಎಡವಿದವರು ಆರ್ಸೆನಲ್‌ನ ರಾಬರ್ಟ್ ಪಿರೆಸ್. 2005ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಒಂದು ಪೆನಾಲ್ಟಿ ಗೋಲಾಗಿಸಿದ್ದ ಅವರು, ಎರಡನೆಯದನ್ನು ಥಿಯರಿ ಆನ್ರಿಗೆ ತಳ್ಳಿಕೊಡಲು ಹೋದರು. ಪಾದ ಚೆಂಡಿನ ಮೇಲೆ ಸವರಿಹೋಯಿತು, ಚೆಂಡು ಮಾತ್ರ ಉರುಳಲಿಲ್ಲ. ಎರಡು ಬಾರಿ ಮುಟ್ಟಿದರೆಂದು ರೆಫರಿ ಮೈಕ್ ರೈಲಿ ಸಿಟಿಗೆ ಫ್ರೀ ಕಿಕ್ ಕೊಟ್ಟರು.

ಯಾರು ಒದೆಯುತ್ತಾರೆ ಎಂಬುದನ್ನೂ ಮುಚ್ಚಿಡುವಂತಿಲ್ಲ. ಗುರುತಿಸಿದವನನ್ನು ಬಿಟ್ಟು ಬೇರೊಬ್ಬ ನುಗ್ಗಿ ಒದ್ದರೆ ಅವನಿಗೆ ಹಳದಿ ಕಾರ್ಡ್. ರೆಫರಿಯ ಸೀಟಿಯೂ ಕಡ್ಡಾಯ. ಮಾಮೂಲಿ ಫ್ರೀ ಕಿಕ್‌ಗೆ ಎಲ್ಲ ಸಂದರ್ಭದಲ್ಲೂ ಸೀಟಿ ಬೇಕಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಸಜ್ಜಾಗುವ ಮೊದಲೇ ಸುನಿಲ್ ಚೆಟ್ರಿ ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದ್ದು ಅದಕ್ಕೇ. ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ನಡೆದರು. ಪೆನಾಲ್ಟಿಯಲ್ಲಿ ಅಂಥ ಗೋಲಿಗೆ ಎಡೆಯೇ ಇಲ್ಲ.

ಕೀಪರ್‌ಗಳೇನೂ ಸುಮ್ಮನಿರುವವರಲ್ಲ. 2022ರ ಜೂನ್‌ನಲ್ಲಿ ಪೆರು ವಿರುದ್ಧ ಆಸ್ಟ್ರೇಲಿಯಾದ ಆಂಡ್ರ್ಯೂ ರೆಡ್‌ಮೇನ್ ಗೆರೆಯ ಮೇಲೆ ಕುಣಿದಾಡಿ, ಕೊನೆಯ ಕಿಕ್ ತಡೆದು ತಂಡವನ್ನು ವಿಶ್ವಕಪ್‌ಗೆ ಮುಟ್ಟಿಸಿದರು. ಅದೇ ವಿಶ್ವಕಪ್‌ನ ಫೈನಲ್‌ನಲ್ಲಿ ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್, ಫ್ರಾನ್ಸ್‌ನ ಚುಅಮೆನಿ ಕಿಕ್‌ಗೆ ಬರುವಾಗ ಚೆಂಡನ್ನೇ ದೂರ ಎಸೆದರು; ಚುಅಮೆನಿಯ ಕಿಕ್ ಗೋಲಿನಾಚೆ ಹೋಯಿತು. 2023ರಲ್ಲಿ ನಿಯಮದ ಮಾತು ಬಿಗಿಯಾಯಿತು: ಕಿಕ್ ತಡಮಾಡಿಸುವುದು, ಕಂಬ, ಅಡ್ಡಪಟ್ಟಿ, ಬಲೆಗಳನ್ನು ಮುಟ್ಟುವುದು ಮುಂತಾದ ರೀತಿಯಲ್ಲಿ ಕೀಪರ್ ಎದುರಾಳಿಯ ಗಮನ ಕೆಡಿಸಬಾರದು.

ಇನ್ನು ಮೋಸದ ಉದ್ದೇಶವೇ ಇಲ್ಲದ ತಪ್ಪಿಗೆ ಏನು ಶಿಕ್ಷೆ? 2025ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗ್ ಶೂಟೌಟ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನ ಹುಲಿಯನ್ ಆಲ್ವಾರೆಜ್ ಜಾರಿದರು; ಒದ್ದ ಚೆಂಡು ಅವರ ಇನ್ನೊಂದು ಪಾದಕ್ಕೂ ತುಸುವೇ ತಾಗಿ ಗೋಲಾಯಿತು. ವಿಎಆರ್ ಪರಿಶೀಲನೆಯಲ್ಲಿ ಗೋಲು ರದ್ದಾಗಿ, ರಿಯಲ್ ಮ್ಯಾಡ್ರಿಡ್ 4–2ರಿಂದ ಗೆದ್ದಿತು. ಮೂರೇ ತಿಂಗಳಲ್ಲಿ ಐಎಫ್‌ಎಬಿ ಸ್ಪಷ್ಟನೆ ಹೊರಡಿಸಿತು: ಆಕಸ್ಮಿಕವಾಗಿ ಎರಡು ಬಾರಿ ತಾಗಿ ಗೋಲಾದರೆ ಮತ್ತೊಮ್ಮೆ ಒದೆಯಬೇಕು, ಬೇಕೆಂದೇ ಮುಟ್ಟಿದ್ದರೆ ಹಳೆಯ ಶಿಕ್ಷೆಯೇ. ಉದ್ದೇಶವನ್ನು ತೂಗಿ ನೋಡುವ ಈ ತಿದ್ದುಪಡಿ ಸರಿಯಾದದ್ದೇ, ಆದರೆ ಅಟ್ಲೆಟಿಕೊ ಪಾಲಿಗೆ ಅದು ತಡವಾಗಿ ಬಂತು.