ಒಂದು ಮೀಟರ್ ಅಗಲದ ಲೋಕ

ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಸಿಎಫ್‌ಟಿಆರ್‌ಐಗೆ ಎದುರಾಗಿ ನಿಂತರೆ ಬೆನ್ನಿಗೆ ರೈಲ್ವೆ ಮ್ಯೂಸಿಯಂ. ರಾತ್ರಿಯೆಲ್ಲ ಸುರಿದ ಮಳೆ ಬೆಳಿಗ್ಗೆ ಬಿಟ್ಟಿರುವಾಗ ಹೋಗಬೇಕು ಅಲ್ಲಿಗೆ. ಉಗಿ ಎಂಜಿನ್ನಿನ ಕಪ್ಪು ಮೈ ಆಗತಾನೇ ಕೆರೆಯಲ್ಲಿ ಮಿಂದು ಬಂದ ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತಿರುತ್ತದೆ. ಚಕ್ರದ ಕಡ್ಡಿಗಳಿಂದ ಹನಿ ತೊಟ್ಟಿಕ್ಕುತ್ತದೆ. ಒಳಗೆ ಬೆಂಕಿಯಿಲ್ಲ, ಕೊಳವೆಯಲ್ಲಿ ಹೊಗೆಯಿಲ್ಲ. ಆದರೂ ಬಿಸಿಲು ಏರಿದಂತೆ ಬಾಯ್ಲರಿನ ಮೇಲಿಂದ ತೆಳ್ಳಗೆ ಹಬೆ ಏಳುತ್ತದೆ. ಒಂದು ಕ್ಷಣ ನಂಬಿಬಿಡುತ್ತೇವೆ.

ಈ ಕಪ್ಪು ದೈತ್ಯನ ಹೆಸರು ವೈಪಿ. ವೈ ಅಂದರೆ ಮೀಟರ್‌ಗೇಜ್, ಪಿ ಅಂದರೆ ಪ್ಯಾಸೆಂಜರ್. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡವು, ಹಿಂದೆ ಎರಡು. ಮುಂದಿನ ನಾಲ್ಕು ತಿರುವಿನಲ್ಲಿ ದಾರಿ ಹಿಡಿಯಲಿಕ್ಕೆ, ಹಿಂದಿನ ಎರಡು ಬೆಂಕಿಗೂಡಿನ ಭಾರ ಹೊರಲಿಕ್ಕೆ; ಎಳೆಯುವ ಕೆಲಸವೆಲ್ಲ ನಡುವಿನ ಆರರದ್ದು. ಪಕ್ಕದಲ್ಲಿ ತೊಡೆಗಾತ್ರದ ಉಕ್ಕಿನ ತೋಳು. ಸಿಲಿಂಡರಿನಲ್ಲಿ ಉಗಿ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತದೆ, ತೋಳು ಆ ನೂಕಾಟವನ್ನು ಉರುಳಾಟ ಮಾಡುತ್ತದೆ. ಇಂಥವನ್ನು ಜಮ್ಶೆಡ್‌ಪುರದ ಟೆಲ್ಕೊದಲ್ಲಿ 1970ರವರೆಗೂ ಕಟ್ಟುತ್ತಿದ್ದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮರು ವರ್ಷವೂ ನಾವು ಕಲ್ಲಿದ್ದಲು ತಿನ್ನುವ ಹೊಸ ಎಂಜಿನ್ ಮಾಡುತ್ತಿದ್ದೆವು.

ಎಂಜಿನ್ನಿನ ಕೆಳಗಿನ ಹಳಿಯನ್ನು ಯಾರೂ ನೋಡುವುದಿಲ್ಲ. ನಾನು ನೋಡುವುದು ಅದನ್ನೇ. ಎರಡು ಕಂಬಿಗಳ ನಡುವೆ ಸರಿಯಾಗಿ ಒಂದು ಮೀಟರ್, ಅಂದರೆ ಒಂದು ದೊಡ್ಡ ಹೆಜ್ಜೆ. ಬ್ರಾಡ್‌ಗೇಜಿಗಿಂತ ಖರ್ಚು ಕಮ್ಮಿ ಎಂದು ವೈಸರಾಯ್ ಲಾರ್ಡ್ ಮೇಯೊ ಕಾಲದಲ್ಲಿ ಭಾರತ ಒಪ್ಪಿಕೊಂಡ ಅಳತೆ ಇದು. ಮೈಸೂರಿಗೆ ಈ ಹಳಿ ಬಂದದ್ದು ಮಾತ್ರ ಸಂಭ್ರಮದ ದಾರಿಯಲ್ಲಲ್ಲ. ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗೆ, ಸಂಸ್ಥಾನವನ್ನು ಬೇರುಸಹಿತ ಅಲ್ಲಾಡಿಸಿತು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ತುಸು ಕಮ್ಮಿ. ಹಸಿದವರಿಗೆ ಕೂಲಿ ಕೊಡಲೆಂದು ಶುರುವಾದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸವೂ ಒಂದು. ಚನ್ನಪಟ್ಟಣ, ಮದ್ದೂರು, ಮಂಡ್ಯ ಹಾಯ್ದು 1882ರಲ್ಲಿ ಬಂಡಿ ಮೈಸೂರು ಮುಟ್ಟಿತು. ಮದ್ದೂರಿನಲ್ಲಿ ವಡೆ ಕೊಳ್ಳುವಾಗ ಕಾಲಡಿಯ ಏರಿಗೆ ಮಣ್ಣು ಹೊತ್ತವರು ಏನು ತಿಂದಿದ್ದರೋ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಮ್ಯೂಸಿಯಂ ಹುಟ್ಟಿದ್ದು 1979ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ರೈಲು ಸಂಗ್ರಹಾಲಯ ತೆರೆದಿತ್ತು. ನಮ್ಮದು ಅದರ ತಮ್ಮ. ಆಗ ಇಲ್ಲಿಯ ಎಂಜಿನ್‌ಗಳಿಗೆ ಮ್ಯೂಸಿಯಂ ಅನ್ನುವುದು ವಯಸ್ಸಾದವರು ಕೂರುವ ಜಗಲಿಯಂತಿದ್ದಿರಬೇಕು. ಸ್ಟೇಷನ್ನು ಹತ್ತಿರದಲ್ಲೇ, ಅಲ್ಲಿ ಓಡಾಡುತ್ತಿದ್ದ ರೈಲುಗಳೂ ಮೀಟರ್‌ಗೇಜಿನವೇ. ಯಾರಾದರೂ ಮನಸ್ಸು ಮಾಡಿ ನಾಲ್ಕು ಮಾರು ಹಳಿ ಜೋಡಿಸಿದ್ದರೆ ಮುದುಕ ಎದ್ದು ಬೆಂಗಳೂರಿಗೆ ಹೊರಟುಬಿಡಬಹುದಿತ್ತು. 1990ರ ದಶಕದಲ್ಲಿ ದೇಶವನ್ನೆಲ್ಲ ಒಂದೇ ಅಳತೆಗೆ ತರುವ ಯೂನಿಗೇಜ್ ಯೋಜನೆ ಬಂತು. ಕಂಬಿಗಳು 1676 ಮಿಲಿಮೀಟರಿಗೆ ಸರಿದು ನಿಂತವು. ಆವತ್ತಿನಿಂದ ಈ ಅಂಗಳ ದ್ವೀಪವಾಯಿತು. ಎಂಜಿನ್ನಿಗೆ ಬೆಂಕಿ ಹಾಕಿದರೂ ಹೋಗಲು ದಾರಿಯಿಲ್ಲ. ಹೊರಗಿನ ಹಳಿ ಅದರ ಕಾಲಿಗೆ ಎರಡು ಗೇಣಿಗೂ ಹೆಚ್ಚು ದೊಡ್ಡದು.

ಬಯಲಲ್ಲಿ ನಿಂತದ್ದಕ್ಕೆ ಮಳೆ, ಬಿಸಿಲು, ಹಕ್ಕಿಯ ಹಿಕ್ಕೆ ಎಲ್ಲಕ್ಕೂ ಒಂದೇ ಮದ್ದು: ಬಣ್ಣ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಳಿಯುತ್ತಾರೆ, ಮತ್ತೆ ಬಳಿಯುತ್ತಾರೆ. ಲೋಕದ ಯಾವ ಬಯಲು ಮ್ಯೂಸಿಯಂಗೂ ಈ ಗತಿ ತಪ್ಪಿದ್ದಲ್ಲ. ಬೋಲ್ಟುಗಳ ಅಂಚು ಬಣ್ಣದಡಿ ಕರಗಿ ಬೆಲ್ಲದ ಅಚ್ಚಿನಂತಾಗಿರುವುದನ್ನು ಬೆರಳಿಂದ ಮುಟ್ಟಿ ನೋಡಿ.

ಸೂರು ಸಿಕ್ಕಿರುವುದು ರಾಜಮನೆತನದ ಬೋಗಿಗಳಿಗೆ. ಶ್ರೀರಂಗ ಎಂಬ ಮಂಟಪದಡಿ 1899ರ ಮಹಾರಾಣಿ ಸಲೂನ್ ಇದೆ. ಅದರೊಂದಿಗೆ ಅಡುಗೆ, ಊಟದ ವ್ಯವಸ್ಥೆ. ಕಿಟಕಿಗೆ ಮೂಗು ಒತ್ತಿ ನಿಂತವರೆಲ್ಲ ಮೊದಲು ಹುಡುಕುವುದು ಹಾಸಿಗೆಯನ್ನು, ಆಮೇಲೆ ಶೌಚಾಲಯವನ್ನು. ಅರಸರೂ ನಮ್ಮ ಹಾಗೇ ಎಂದು ಖಾತ್ರಿಯಾದ ಸಮಾಧಾನ ಮುಖದಲ್ಲಿ ಕಾಣುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಇಸವಿ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜರಿಗೆ ಹತ್ತು ವರ್ಷ. 1902ರವರೆಗೆ ರೀಜೆಂಟ್ ಆಗಿ ರಾಜ್ಯಭಾರ ನೋಡಿದವರು ತಾಯಿ ವಾಣಿವಿಲಾಸ ಸನ್ನಿಧಾನ. ಮಾರಿಕಣಿವೆಗೆ ಅಣೆ ಕಟ್ಟುವ ಕೆಲಸ ಹಿಡಿದದ್ದೂ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹರಿದದ್ದೂ ಅವರ ಕಾಲದಲ್ಲೇ. 1899ರಲ್ಲಿ ಮೈಸೂರಿನ ಮಹಾರಾಣಿ ಎಂದರೆ ಅವರೇ. ಅರಸನ ಪಕ್ಕ ಕೂತು ಹವಾ ತಿನ್ನಲು ಹೊರಟವರ ಬೋಗಿ ಎಂದುಕೊಂಡು ನೋಡುವುದಕ್ಕೂ, ರಾಜ್ಯ ಆಳುತ್ತಿದ್ದ ಹೆಂಗಸಿನ ಬೋಗಿ ಎಂದುಕೊಂಡು ನೋಡುವುದಕ್ಕೂ ವ್ಯತ್ಯಾಸವಿದೆ. ಅದೇ 1899ರ ಮೈಸೂರು ಮಹಾರಾಜರ ಸಲೂನ್ ದೆಹಲಿಯ ಸಂಗ್ರಹಾಲಯದಲ್ಲಿದೆ, ತೇಗದ ಮರ, ದಂತದ ಕುಸುರಿ ಸಮೇತ. ತಾಯಿಯದು ಇಲ್ಲಿ, ಮಗನದು ಅಲ್ಲಿ.

ಚಾಮುಂಡಿ ಗ್ಯಾಲರಿಯ ಚಿತ್ರ, ಫೋಟೋಗಳನ್ನು ಹೆಚ್ಚಿನವರು ನಡೆಯುತ್ತಲೇ ನೋಡಿ ಮುಗಿಸುತ್ತಾರೆ. ಜನ ನಗುವುದು ಆಸ್ಟಿನ್ ಎದುರು. ಥೇಟು ಹಳೆಯ ಕಾಲದ ಮೋಟಾರು ಕಾರು, ಆದರೆ ಟೈರಿನ ಜಾಗದಲ್ಲಿ ರೈಲಿನ ಚಕ್ರ! ಹಾರನ್ನಿಗೆ ಕೈ ಹಾಕದ ಮಗುವಿಲ್ಲ. ಸ್ಟೀರಿಂಗು ತಿರುಗಿಸಬೇಕಿಲ್ಲದ ಕಾರು ಎಂದರೆ ಸಣ್ಣ ಸುಖವೇ? ಹಳಿ ಕರೆದುಕೊಂಡು ಹೋದಲ್ಲಿಗೆ ಹೋದರಾಯಿತು.

ಹೊತ್ತು ಏರಿದಾಗ ಶಾಲೆಯ ಮಕ್ಕಳ ಸಾಲು ನುಗ್ಗುತ್ತದೆ. ಪುಟಾಣಿ ರೈಲು ಅವರನ್ನು ತುಂಬಿಕೊಂಡು ಸುತ್ತು ಹಾಕುತ್ತದೆ. ಇಡೀ ಅಂಗಳದಲ್ಲಿ ನಿಜಕ್ಕೂ ಓಡುವ ರೈಲು ಅದೊಂದೇ. ಬದಿಯಲ್ಲಿ ಇಎಸ್ 506 ಎಂಬ ಎಂಜಿನ್ ಸುಮ್ಮನೆ ನೋಡುತ್ತಿರುತ್ತದೆ. ನಾನು ಹೋಗಿದ್ದ ದಿನ ವಯಸ್ಸಾದವರೊಬ್ಬರು ಮೊಮ್ಮಗನನ್ನು ಎಂಜಿನ್ನಿನ ಮೆಟ್ಟಿಲು ಹತ್ತಿಸಿ, ಫೈರ್‌ಮನ್ ಹೇಗೆ ನಿಲ್ಲುತ್ತಿದ್ದ ಎಂದು ತೋರಿಸುತ್ತಿದ್ದರು. ಬಲಗಾಲು ಹಿಂದೆ, ಸೊಂಟ ಬಾಗಿಸಿ, ಇಲ್ಲದ ಸಲಿಕೆಯಿಂದ ಇಲ್ಲದ ಕಲ್ಲಿದ್ದಲನ್ನು ಬೆಂಕಿಗೂಡಿನ ಬಾಯಿಗೆ ಎಸೆದರು. ಮೂಲೆಗೊಂದು, ನಡುವಿಗೊಂದು, ಬಾಗಿಲ ಬುಡಕ್ಕೊಂದು. ಒಂದೇ ಕಡೆ ಸುರಿದರೆ ಬೆಂಕಿ ಸಾಯುತ್ತೆ ಕಣೋ ಎಂದರು. ಆಗಲೇ ಗೋಡೆಯಾಚೆ ಬೆಂಗಳೂರಿನ ಕಡೆಯದೊಂದು ರೈಲು ಕೂಗಿತು. ಹುಡುಗ ಅತ್ತ ತಿರುಗಿದ. ತಾತ ತಿರುಗಲಿಲ್ಲ, ಇನ್ನೊಂದು ಸಲಿಕೆ ಎತ್ತಿದರು.