ಸರ್ವರ್‌ನ ಓಎಸ್ ಬದಲಾಯ್ತು, ನಿಮಗೆ ಗೊತ್ತಾಗಲೇ ಇಲ್ಲ

ವಡಗೇರಾ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಕನ್ನಡ ವಿಕಿಪೀಡಿಯ ತೆರೆದಿರಿ ಅಂತ ಇಟ್ಕೊಳ್ಳಿ. ಭೀಮಾ ನದಿಯ ಪುಟವೇ ಇರಲಿ. ನೀವು ಬೆರಳು ಒತ್ತಿದ ಕೂಡಲೆ ಆ ಕೋರಿಕೆ ಸಾಮಾನ್ಯವಾಗಿ ಸಿಂಗಪುರಕ್ಕೆ ಹೋಗುತ್ತದೆ. ಏಷ್ಯಾದ ಓದುಗರಿಗೆ ಪುಟ ಬೇಗ ಸಿಗಲಿ ಅಂತ ವಿಕಿಮೀಡಿಯದವರು 2018ರಲ್ಲಿ ಅಲ್ಲೊಂದು ಡೇಟಾ ಸೆಂಟರ್ ಶುರು ಮಾಡಿದರು. ಪುಟದ ಪ್ರತಿ ಅಲ್ಲಿದ್ದರೆ ಅಲ್ಲಿಂದಲೇ ಬರುತ್ತದೆ, ಇಲ್ಲದಿದ್ದರೆ ಅಮೆರಿಕದಿಂದ.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಂದಿನಿಂದ ಅದರ ಕೆಳಗಿರುವ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಮ್ ದೊಡ್ಡ ಮಟ್ಟದಲ್ಲಿ ಎರಡು ಸಲ ಬದಲಾಗಿದೆ. ಮೊದಲು ರೆಡ್ ಹ್ಯಾಟ್ ಮತ್ತು ಫೆಡೋರಾದ ಬೇರೆ ಬೇರೆ ಆವೃತ್ತಿಗಳು ಕಲಸಿಕೊಂಡಿದ್ದವು. 2008ರಲ್ಲಿ ಸುಮಾರು 400 ಸರ್ವರ್‌ಗಳನ್ನು ಉಬುಂಟುಗೆ ತರುವ ಸುದ್ದಿ ಬಂತು. 2015ರ ಸುಮಾರಿಗೆ ಉಬುಂಟುವಿನಿಂದ ಡೆಬಿಯನ್ ಕಡೆಗೆ ಹೊರಟರು. ಓದ್ತಾ ಇದ್ದ ನಮಗೆ ಇದ್ಯಾವುದೂ ಗೊತ್ತಾಗಲಿಲ್ಲ. ಅದು ಹೇಗೆ ಸಾಧ್ಯ ಆಯ್ತು ಅನ್ನೋದೇ ಇವತ್ತಿನ ಮಾತು.

ಇವೆಲ್ಲ ಯುನಿಕ್ಸ್ ಜಾತಿಯವೇ. ಯುನಿಕ್ಸ್ 1969ರದ್ದು, ಅದರ ರೀತಿಯಲ್ಲೇ ಬರೆದ ಲಿನಕ್ಸ್ 1991ರದ್ದು. ‘ಎಲ್ಲಾ ಲಿನಕ್ಸೇ ಅಲ್ಲ, ಫೈಲ್ ಕಾಪಿ ಮಾಡಿದ್ರೆ ಮುಗೀತು’ ಅಂತ ಅನಿಸಬಹುದು. ಹಂಗಿಲ್ಲ. ಅಪಾಚೆ ಅನ್ನೋ ವೆಬ್ ಸರ್ವರನ್ನೇ ತಗೊಳ್ಳಿ. ಅದರ ಹೆಸರು ಒಂದು ಕಡೆ ಎಚ್‌ಟಿಟಿಪಿಡಿ, ಇನ್ನೊಂದು ಕಡೆ ಅಪಾಚೆ ಟೂ. ಸೆಟ್ಟಿಂಗ್ ಇಡುವ ಫೋಲ್ಡರೂ ಬೇರೆ. ಅದನ್ನು ನಡೆಸುವ ಬಳಕೆದಾರನ ನಂಬರ್ ರೆಡ್ ಹ್ಯಾಟ್ ಕುಟುಂಬದಲ್ಲಿ 48, ಡೆಬಿಯನ್‌ನಲ್ಲಿ 33. ಡಿಸ್ಕಿನ ಮೇಲೆ ಫೈಲಿನ ಯಜಮಾನ ಯಾರು ಅಂತ ಬರೆದಿರೋದು ಹೆಸರಿನಲ್ಲಲ್ಲ, ಈ ನಂಬರಿನಲ್ಲಿ. ನಂಬರ್ ಸಮೇತ ಫೈಲುಗಳನ್ನು ಎತ್ತಿ ಹೊಸ ಮಷಿನ್‌ಗೆ ಹಾಕಿದರೆ ಸೈಟ್ ತೆರೆಯಬಹುದು, ಆದರೆ ಒಂದು ಫೋಟೋ ಅಪ್‌ಲೋಡ್ ಮಾಡಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ.

ವಿಕಿಮೀಡಿಯದ ಉಪಾಯ ನೋಡ್ರಿ. ಓಡುತ್ತಿರುವ ಮಷಿನ್ನಿನ ಓಎಸ್ಸನ್ನು ಅವರು ಕುತ್ತಿದಲ್ಲೇ ಕಿತ್ತು ಬದಲಿಸೋದಿಲ್ಲ. ಒಂದು ಸರ್ವರನ್ನು ಸಾಲಿನಿಂದ ಹೊರಗೆ ತೆಗೆಯುತ್ತಾರೆ, ಓದುಗರನ್ನು ಉಳಿದವು ನೋಡಿಕೊಳ್ಳುತ್ತವೆ. ಹೊರಗೆ ತೆಗೆದದ್ದನ್ನು ಪೂರ್ತಿ ಅಳಿಸಿ ಹೊಸ ಓಎಸ್ ಹಾಕುತ್ತಾರೆ. ಅದರಲ್ಲಿ ಏನೇನು ಇರಬೇಕು ಅನ್ನೋದು ಪಪೆಟ್ ಎಂಬ ತಂತ್ರಾಂಶಕ್ಕೆ ಮೊದಲೇ ಬರೆದು ಕೊಟ್ಟಿರುತ್ತಾರೆ, ಹಾಗಾಗಿ ಯಾರೂ ಕೈಯಿಂದ ಒಂದೊಂದೇ ಸೆಟ್ಟಿಂಗ್ ಮಾಡುತ್ತ ಕೂರಬೇಕಿಲ್ಲ. ಪರೀಕ್ಷೆ ಮಾಡಿ ಮತ್ತೆ ಸಾಲಿಗೆ ಸೇರಿಸುತ್ತಾರೆ. ಆಮೇಲೆ ಮುಂದಿನದು. ಬಸ್ ಕೆಟ್ಟಾಗ ಪ್ರಯಾಣಿಕರನ್ನು ಹಿಂದಿನ ಬಸ್ಸಿಗೆ ಹತ್ತಿಸಿ, ಕೆಟ್ಟದ್ದನ್ನು ಡಿಪೋಗೆ ಒಯ್ದಂಗ.

ಇಷ್ಟಕ್ಕೇ ಬಿಡಲ್ಲ ಅವರು. ವರ್ಷಕ್ಕೆ ಎರಡು ಸಲ ಅಮೆರಿಕದ ಒಂದು ಇಡೀ ಡೇಟಾ ಸೆಂಟರ್‌ನ ಕೆಲಸವನ್ನು ಇನ್ನೊಂದಕ್ಕೆ ವರ್ಗಾಯಿಸಿ ನೋಡುತ್ತಾರೆ. ಆಗ ಕೆಲವೇ ನಿಮಿಷ ಎಡಿಟ್ ಮಾಡಲು ಆಗೋದಿಲ್ಲ, ಓದೋದು ಮಾತ್ರ ನಿಲ್ಲೋದಿಲ್ಲ.

‘ಅವರ ಹತ್ರ ನೂರಾರು ಸರ್ವರ್ ಅದಾವ, ನಮ್ಮದು ಬಾಡಿಗೆಗೆ ತಗೊಂಡ ಒಂದೇ ಒಂದು’ ಅಂತೀರಾ? ಸೆಂಟ್‌ಓಎಸ್ ನಂಬಿದ್ದ ಸಣ್ಣವರ ಪರಿಸ್ಥಿತಿ ಅದೇ ಆಗಿತ್ತು. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ ಅಂತ ಎಲ್ಲರೂ ಲೆಕ್ಕ ಹಾಕಿದ್ದರು. 2020ರ ಡಿಸೆಂಬರ್ 8ರಂದು, 2021ರ ಕೊನೆಗೇ ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. ಹಳೆಯ 7ನೇ ಆವೃತ್ತಿ 2024ರ ಜೂನ್ 30ಕ್ಕೆ ನಿಂತಿತು. ಅಪ್‌ಡೇಟ್ ನಿಂತ ಸರ್ವರ್ ಓಡುತ್ತಲೇ ಇರುತ್ತದೆ, ಅದೇ ಮೋಸ. ಹೊಸದಾಗಿ ಸಿಕ್ಕ ಬಿರುಕನ್ನು ಮುಚ್ಚುವವರು ಇರೋದಿಲ್ಲ. ಆ ಜಾಗ ತುಂಬಲು 2021ರಲ್ಲಿ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎರಡೂ ಬಂದವು. ಒಂದೇ ಕುಟುಂಬದವಾದ್ದರಿಂದ ಇದ್ದಲ್ಲೇ ಬದಲಿಸುವ ಸ್ಕ್ರಿಪ್ಟ್‌ಗಳೂ ಇವೆ. ಆದರೂ ನನ್ನ ಮಾತು ಕೇಳೋದಾದ್ರೆ, ಒಂದು ತಿಂಗಳು ಎರಡನೇ ಸರ್ವರ್ ಬಾಡಿಗೆಗೆ ತಗೊಂಡು ಅಲ್ಲಿ ಹೊಸದಾಗಿ ಕಟ್ಟಿ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರ್ತೀನಿ. ಡೇಟಾಬೇಸ್ ಬೇಗ ಹುಡುಕಲಿಕ್ಕೆ ಅಂತ ಹೆಸರುಗಳನ್ನು ಕ್ರಮವಾಗಿ ಜೋಡಿಸಿದ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಅದಕ್ಕೆ ಇಂಡೆಕ್ಸ್ ಅಂತಾರೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ನಿಯಮವನ್ನು ಪೋಸ್ಟ್‌ಗ್ರೆಸ್ ಅನೇಕ ಸಲ ಓಎಸ್‌ನಿಂದಲೇ ತಗೊಳ್ಳುತ್ತದೆ. ಲಿನಕ್ಸ್‌ನ ಆ ನಿಯಮಗಳು 2018ರ ಆಗಸ್ಟ್‌ನಲ್ಲಿ, ಜಿಲಿಬ್‌ಸಿ 2.28ರಲ್ಲಿ, ಭಾರಿ ಬದಲಾದವು. ಸೆಂಟ್‌ಓಎಸ್ 7ರಲ್ಲಿ ಇರೋದು 2.17, ಆಲ್ಮಾ 8ರಲ್ಲಿ 2.28.

ಇದರಿಂದ ಏನಾಗುತ್ತದೆ? ನಮ್ಮ ಕಡೆ ಮನೆ ನಂಬರನ್ನು 1-1 ಅಂತ ಬರೀತೀವಲ್ಲ, ಅದನ್ನೂ 11ನ್ನೂ ಸಾರ್ಟ್ ಮಾಡಿ ನೋಡ್ರಿ. ಇಂಗ್ಲಿಷ್ ಸೆಟ್ಟಿಂಗ್ ಇರುವ ಹಳೆಯ ಸರ್ವರ್‌ನಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು. ಡೇಟಾಬೇಸಿನ ಫೈಲುಗಳನ್ನು ಹಂಗೇ ಎತ್ತಿ ಹಾಕಿದರೆ ಪಟ್ಟಿ ಹಳೆಯ ಕ್ರಮದಲ್ಲಿರುತ್ತದೆ, ಹುಡುಕಾಟ ಹೊಸ ಕ್ರಮದಲ್ಲಿ ನಡೆಯುತ್ತದೆ. ಎರರ್ ಬರೋದಿಲ್ಲ. ಇರುವ ಹೆಸರನ್ನೇ ‘ಸಿಗಲಿಲ್ಲ’ ಅನ್ನಬಹುದು. ಇಲ್ಲ ಅಂದುಕೊಂಡು ಅದೇ ಹೆಸರನ್ನು ಎರಡನೇ ಸಲ ಸೇರಿಸಿಕೊಳ್ಳಲೂಬಹುದು. ಸಹಕಾರ ಸಂಘದ ಸದಸ್ಯರ ಪಟ್ಟಿಯೋ ಹಾಸ್ಟೆಲ್ ಹುಡುಗರ ಪಟ್ಟಿಯೋ ಆಗಿದ್ದರೆ, ಕೌಂಟರಿನ ಮುಂದೆ ನಿಂತವನಿಗೆ ‘ನಿನ್ನ ಹೆಸರೇ ಇಲ್ಲಪ್ಪ’ ಅಂತ ಹೇಳಿ ಕಳಿಸ್ತಾರೆ.

ಪರಿಹಾರ ಸುಲಭ. ಫೈಲು ಎತ್ತಬೇಡಿ. ಡೇಟಾವನ್ನು ಡಂಪ್ ಮಾಡಿ, ಅಂದ್ರೆ ಪಠ್ಯವಾಗಿ ಹೊರಗೆ ತೆಗೆದು, ಹೊಸ ಸರ್ವರಿಗೆ ತುಂಬಿಸಿ. ಇಂಡೆಕ್ಸ್ ಹೊಸ ಕ್ರಮದಲ್ಲೇ ಹುಟ್ಟುತ್ತದೆ. ಇದ್ದಲ್ಲೇ ಓಎಸ್ ಬದಲಿಸಿದ್ದರೆ ರೀಇಂಡೆಕ್ಸ್ ಕೊಡಿ.

ಉಳಿದದ್ದು ವಿಳಾಸ. ನಿಮ್ಮ ಸೈಟಿನ ಹೆಸರು ಯಾವ ಸರ್ವರ್ ಕಡೆ ತೋರಿಸಬೇಕು ಅನ್ನೋದು ಡಿಎನ್‌ಎಸ್‌ನಲ್ಲಿ ಇರುತ್ತದೆ, ಅದನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನೋ ಅವಧಿಯೂ ಅಲ್ಲೇ ಇರುತ್ತದೆ. ಎರಡು ದಿನ ಮೊದಲೇ ಅದನ್ನು ಐದು ನಿಮಿಷಕ್ಕೆ ಇಳಿಸಿ. ಬದಲಿಸುವ ರಾತ್ರಿ ಹಳೆಯದರಲ್ಲಿ ಹೊಸ ಬರವಣಿಗೆ ನಿಲ್ಲಿಸಿ, ಕೊನೆಯ ಡಂಪ್ ತೆಗೆದು ತುಂಬಿಸಿ, ಎರಡೂ ಕಡೆ ಸಾಲುಗಳ ಲೆಕ್ಕ ಹೊಂದುತ್ತದೆಯೇ ನೋಡಿ, ಆಮೇಲೆ ವಿಳಾಸ ಬದಲಿಸಿ. ಹಳೆಯ ಸರ್ವರನ್ನು ಅವತ್ತೇ ಅಳಿಸಬೇಡಿ. ಅದರ ಲಾಗ್‌ನಲ್ಲಿ ಕೆಲವು ದಿನ ಒಬ್ಬಿಬ್ಬರು ಇನ್ನೂ ಬರ್ತಾ ಇರ್ತಾರೆ. ಅವರೂ ಬರೋದು ನಿಂತ ಮೇಲೆ ಬಾಡಿಗೆ ನಿಲ್ಲಿಸಿ.